ಸಿನಿಮಾ ಬಿಟ್ಟು ಸಿನಿಮಾ ಸಂಗೀತ ಕೇಳುವುದು

(ಸಂಗೀತಾಸಕ್ತರ ಸಂಜೆಯ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕೇಳಿಸಿದ ತುಣುಕುಗಳನ್ನು ಇಲ್ಲಿ ಹೆಸರಿನಿಂದ ಸೂಚಿಸಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ಕೇಳಿಸಿದ ತುಣುಕು ಯಾವುದು ಅಂತ ನಾನು ಹೇಳಲೇ ಇಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಎರಡನೇ ಸಾಲು ಬರುವಷ್ಟರಲ್ಲಿ ಸಭೆಯಲ್ಲಿ ಅರ್ಧಕ್ಕರ್ಧ ಜನ ಗುನುಗುತ್ತಿದ್ದಿರಿ. ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಶೀರ್ಷಿಕೆ ಸಂಗೀತ. ನಿರ್ದೇಶನ ಶಂಕರ್ ನಾಗ್, ಸಂಗೀತ ಎಲ್. ವೈದ್ಯನಾಥನ್. 1980ರ ದಶಕದಲ್ಲಿ ದೂರದರ್ಶನದಲ್ಲಿ ಅದು ಬಂದಾಗ ಇಲ್ಲಿ ಮುಂದೆ ಕೂತಿರುವ ಮಕ್ಕಳು ಹುಟ್ಟಿರಲಿಲ್ಲ. ಒಬ್ಬಳನ್ನು ಕೇಳಿದೆ, ಒಂದು ಕಂತಾದರೂ ನೋಡಿದ್ದೀಯಾ ಅಂತ. ಇಲ್ಲ ಅಂದಳು. ಆದರೆ ಧಾಟಿ ಪೂರ್ತಿ ಬಾಯಲ್ಲಿದೆ.

ದೃಶ್ಯಕ್ಕಾಗಿ ಹುಟ್ಟಿದ ಸಂಗೀತ ದೃಶ್ಯದ ಹಂಗು ಬಿಟ್ಟು ಬದುಕುತ್ತಿದೆ. ಇವತ್ತಿನ ಮಾತು ಇದರ ಬಗ್ಗೆಯೇ. ಸಿನಿಮಾದ ಹಿನ್ನೆಲೆ ಸಂಗೀತವನ್ನು ಸಿನಿಮಾ ಇಲ್ಲದೆ ಕೇಳಬಹುದು. ನೋಡಿದ ಸಿನಿಮಾವನ್ನು ನೆನಪು ಮಾಡಿಕೊಳ್ಳೋಕೆ ಅಂತ ಅಲ್ಲ, ಸಂಗೀತ ಅಂತಲೇ ಕೇಳಬಹುದು. ಆ ಸಿನಿಮಾ ನೋಡಿರಲೇಬೇಕು ಅಂತೇನೂ ಇಲ್ಲ.

ಹಾಡುಗಳ ಮಾತು ಬೇರೆ. ನಮ್ಮಲ್ಲಿ ಹಾಡು ಸಿನಿಮಾದಿಂದ ಹೊರಬಿದ್ದು ರೇಡಿಯೋಗೆ, ಮದುವೆ ಮನೆಗೆ, ಬಸ್ಸಿಗೆ ಬಂದು ಎಷ್ಟೋ ಕಾಲವಾಯಿತು. ನಾನು ಹೇಳುತ್ತಿರುವುದು ಮಾತಿನ ಕೆಳಗೆ, ನಡಿಗೆಯ ಹಿಂದೆ, ಯಾರೋ ಬಾಗಿಲು ತೆರೆಯುವ ಮುಂಚೆ ಬರುವ ಸಂಗೀತದ ಬಗ್ಗೆ. ನಮ್ಮ ಸಿನಿಮಾದವರು ಅದನ್ನು ರೀರೆಕಾರ್ಡಿಂಗ್ ಅಂತಾರೆ, ಚಿಕ್ಕದಾಗಿ ಆರ್‌ಆರ್. ಈಗಿನ ಹುಡುಗರು ಬಿಜಿಎಂ ಅಂತಾರೆ.

ಇದರ ಬಗ್ಗೆ ಒಂದು ಮಾತು ತುಂಬಾ ಕಾಲದಿಂದ ಓಡಾಡುತ್ತಿದೆ. ಒಳ್ಳೆಯ ಹಿನ್ನೆಲೆ ಸಂಗೀತ ಕಿವಿಗೆ ಬೀಳಬಾರದು, ಬಿದ್ದರೆ ಅದು ಸೋತಂತೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಥಿಯೇಟರಿನಲ್ಲಿ ಗಮನಕ್ಕೆ ಬರದೆ ಕೆಲಸ ಮಾಡುವ ಸಂಗೀತ ಇದೆ, ನಿಜ. ಆದರೆ ಗಮನಕ್ಕೆ ಬರಲಿಲ್ಲ ಅಂದ ಮಾತ್ರಕ್ಕೆ ಅದರಲ್ಲಿ ಗಮನಿಸುವಂಥದ್ದು ಇಲ್ಲ ಅಂತ ಆಗುವುದಿಲ್ಲ. ಒಬ್ಬ ಸಂಗೀತಗಾರ ವಾರಗಟ್ಟಲೆ ಕೂತು ಬರೆದಿರುತ್ತಾನೆ. ವಾದ್ಯದವರು ಪ್ರಾಣ ಕೊಟ್ಟು ನುಡಿಸಿರುತ್ತಾರೆ. ಅದರ ಮೇಲೆ ಕಾರಿನ ಸದ್ದು, ಗುಂಡಿನ ಸದ್ದು, ನಾಯಕನ ಮಾತು ಬಂದು ಕೂರುತ್ತವೆ. ಆ ಸಂಗೀತ ಪೂರ್ತಿ ಕೇಳುವುದು ಸಿನಿಮಾದ ಹೊರಗೆ ಮಾತ್ರ.

ಮಾತಿಲ್ಲದ ಸಂಗೀತ ನಮ್ಮ ಜನಕ್ಕೆ ಹಿಡಿಸುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಅದೂ ಸರಿಯಲ್ಲ. ನಿಮಗಿಷ್ಟವಾದ ಹಳೆಯ ಕನ್ನಡ ಹಾಡೊಂದನ್ನು ಈಗ ಮನಸ್ಸಿನಲ್ಲೇ ಹಾಡಿಕೊಳ್ಳಿ. ಪಲ್ಲವಿ ಮುಗಿದ ಮೇಲೆ ಸುಮ್ಮನಾಗುತ್ತೀರಾ? ಇಲ್ಲ. ಚರಣ ಬರುವವರೆಗಿನ ಪಿಟೀಲಿನ ಸಾಲು, ಕೊಳಲಿನ ತಿರುವು, ಗಿಟಾರಿನ ತುಣುಕು, ಎಲ್ಲವನ್ನೂ ಬಾಯಲ್ಲೇ ನುಡಿಸುತ್ತೀರಿ. ಅಲ್ವಾ? ಅಷ್ಟು ಹೊತ್ತು ನೀವು ಕೇಳುತ್ತಿರುವುದು ಮಾತಿಲ್ಲದ ವಾದ್ಯಸಂಗೀತವೇ. ಅದರ ರುಚಿ ನಮಗೆ ಚೆನ್ನಾಗಿ ಗೊತ್ತಿದೆ. ಆ ಇಪ್ಪತ್ತು ಸೆಕೆಂಡಿನ ಕಿವಿಯನ್ನೇ ಒಂದು ಗಂಟೆಗೆ ಹಿಗ್ಗಿಸಿದರೆ ಸಾಕು.

ಈಗ ಈ ಸಂಗೀತ ಹೇಗೆ ತಯಾರಾಗುತ್ತದೆ ನೋಡೋಣ. ಸಿನಿಮಾ ಎಡಿಟಿಂಗ್ ಒಂದು ಹಂತಕ್ಕೆ ಬಂದ ಮೇಲೆ ನಿರ್ದೇಶಕ, ಸಂಗೀತ ನಿರ್ದೇಶಕ ಇಬ್ಬರೂ ಕೂತು ನೋಡುತ್ತಾರೆ. ಎಲ್ಲಿ ಸಂಗೀತ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಅಂತ ಗುರುತು ಹಾಕಿಕೊಳ್ಳುತ್ತಾರೆ. ಹೀಗೆ ಗುರುತಾದ ಒಂದೊಂದು ತುಣುಕನ್ನೂ ಕ್ಯೂ ಅಂತಾರೆ. ಒಂದು ಕ್ಯೂ ಮೂವತ್ತು ಸೆಕೆಂಡ್ ಇರಬಹುದು, ಇನ್ನೊಂದು ಐದು ನಿಮಿಷ. ಬರೆಯುವವನಿಗೆ ಕಟ್ಟುಪಾಡು ಜಾಸ್ತಿ. ನಾಯಕಿ ಮಾತಾಡುವಾಗ ವಾದ್ಯ ತಗ್ಗಬೇಕು. ಅವಳ ದನಿಯ ಮಟ್ಟದಲ್ಲೇ ಇನ್ನೊಂದು ವಾದ್ಯ ಬಂದು ಕೂತರೆ ಮಾತು ಕೇಳುವುದಿಲ್ಲ. ಹಾಗಾಗಿ ಒಂದೋ ಮೇಲಿನ ಸ್ವರಗಳಿಗೆ ಹೋಗಬೇಕು, ಇಲ್ಲಾ ಕೆಳಗಿಳಿಯಬೇಕು.

ಬಾಳೆಲೆಯಲ್ಲಿ ಬಡಿಸುವವರು ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲವನ್ನೂ ಅಂಚಿಗೆ ಬಡಿಸಿ ಅನ್ನಕ್ಕೆ ಅಂತ ನಡುವೆ ಜಾಗ ಬಿಡುತ್ತಾರಲ್ಲ, ಇಲ್ಲೂ ಹಾಗೇ. ನಡುವಿನ ಜಾಗ ಮಾತಿಗೆ ಮತ್ತು ಮುಖಕ್ಕೆ. ಸಂಗೀತ ಅದರ ಸುತ್ತ ಬರುತ್ತದೆ. ಈಗ ಸಿನಿಮಾವನ್ನು ತೆಗೆದುಬಿಡಿ, ಸಂಗೀತವನ್ನಷ್ಟೇ ಕೇಳಿ. ನಡುವಿನ ಜಾಗ ಖಾಲಿಯೇ ಉಳಿಯುತ್ತದೆ. ಇದು ಕೊರತೆ ಅಂತ ಕೆಲವರಿಗೆ ಅನಿಸಬಹುದು. ನನಗೆ ಅದೇ ಈ ಸಂಗೀತದ ದೊಡ್ಡ ಆಕರ್ಷಣೆ. ಕಚೇರಿಯ ಸಂಗೀತ ತಾನೇ ಪೂರ್ತಿ ತುಂಬಿಕೊಂಡಿರುತ್ತದೆ. ಸಿನಿಮಾ ಸಂಗೀತದಲ್ಲಿ ಇನ್ನೊಬ್ಬರಿಗೆ ಅಂತ ಬಿಟ್ಟ ಜಾಗ ಇರುತ್ತದೆ. ಅಲ್ಲಿಗೆ ಕೇಳುವವರ ನೆನಪು, ಕೇಳುವವರ ಯೋಚನೆ ಬರುತ್ತವೆ. ಒಂದೇ ಆಲ್ಬಂ ಕೇಳಿದ ಇಬ್ಬರು ಎರಡು ಬೇರೆ ಬೇರೆ ಕತೆ ಹೇಳುವುದು ಇದರಿಂದಲೇ.

ಎರಡನೇ ತುಣುಕು, ‘ಸೈಕೋ’. 1960ರ ಚಿತ್ರ. ಹಿಚ್‌ಕಾಕ್ ನಿರ್ದೇಶನ, ಬರ್ನಾರ್ಡ್ ಹರ್ಮನ್ ಸಂಗೀತ. ಹರ್ಮನ್ ಇಡೀ ಚಿತ್ರಕ್ಕೆ ತಂತಿವಾದ್ಯ ಮಾತ್ರ ಬಳಸಿದರು. ಪಿಟೀಲು, ವಿಯೋಲಾ, ಚೆಲ್ಲೊ, ಡಬಲ್ ಬೇಸ್ ಅಷ್ಟೇ. ಊದುವ ವಾದ್ಯ ಇಲ್ಲ, ಡ್ರಮ್ಮು ಇಲ್ಲ. ಕಪ್ಪು ಬಿಳುಪು ಚಿತ್ರಕ್ಕೆ ಕಪ್ಪು ಬಿಳುಪಿನದೇ ಧ್ವನಿ ಬೇಕು ಅನ್ನುವುದು ಅವರ ಯೋಚನೆ. ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಅಂತ ಹಿಚ್‌ಕಾಕ್ ಮೊದಲು ಹೇಳಿದ್ದರು. ಹರ್ಮನ್ ಆದರೂ ಬರೆದರು. ಕೇಳಿದ ಮೇಲೆ ಹಿಚ್‌ಕಾಕ್ ಒಪ್ಪಿದರು. ಆ ಕಿರುಚುವ ಪಿಟೀಲು ಸಿನಿಮಾ ನೋಡದವರಿಗೂ ಗೊತ್ತು.

ನಾನು ಕೇಳಿಸಿದ್ದು ಅದನ್ನಲ್ಲ. ಚಿತ್ರದ ಮೊದಲಲ್ಲಿ ಬರುವ ಓಟದ ಸಂಗೀತವನ್ನು. ಅದೇ ಮತ್ತೆ ಹಣ ಕದ್ದ ಹೆಂಗಸು ಕಾರು ಓಡಿಸಿಕೊಂಡು ಹೋಗುವಾಗಲೂ ಬರುತ್ತದೆ. ಪರದೆಯ ಮೇಲೆ ನಡೆಯುವುದು ಏನೂ ಇಲ್ಲ. ಸ್ಟಿಯರಿಂಗ್ ಹಿಂದೆ ಒಂದು ಮುಖ, ಎದುರಿಗೆ ರಸ್ತೆ. ಆತಂಕ ಪೂರ್ತಿ ತಂತಿಯಲ್ಲಿದೆ. ಸಿನಿಮಾ ನೆನಪು ಪಕ್ಕಕ್ಕಿಟ್ಟು ಕೇಳಿದರೆ ಅಲ್ಲಿ ಕೊಲೆಯೂ ಇಲ್ಲ, ಭೂತಬಂಗಲೆಯೂ ಇಲ್ಲ. ತಪ್ಪು ಮಾಡಿ ಓಡುತ್ತಿರುವ ಮನಸ್ಸು ಮಾತ್ರ ಇದೆ. ಅದರ ಪಕ್ಕದಲ್ಲೇ ಊರಿನ ನೋಟಕ್ಕೆ ಬರೆದ ನಿಧಾನದ ತುಣುಕೂ ಇದೆ. ಎಷ್ಟು ಮೆತ್ತಗೆ ಇಳಿಯುತ್ತದೆ ಅಂದರೆ ಅದು ಭಯದ ಚಿತ್ರದ್ದು ಅಂತ ಯಾರೂ ಹೇಳುವುದಿಲ್ಲ.

ಇನ್ನು ಇಟಲಿಯ ಎನ್ನಿಯೊ ಮೊರಿಕೋನೆ. ಇವರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಅಷ್ಟು ಇಷ್ಟ ನನಗೆ. 1928ರಲ್ಲಿ ರೋಮ್‌ನಲ್ಲಿ ಹುಟ್ಟಿ 2020ರಲ್ಲಿ ಅಲ್ಲೇ ತೀರಿಕೊಂಡರು. ನಿರ್ದೇಶಕ ಸೆರ್ಜಿಯೊ ಲಿಯೋನೆ ಮತ್ತು ಮೊರಿಕೋನೆ ಪ್ರಾಥಮಿಕ ಶಾಲೆಯಲ್ಲಿ ಒಂದೇ ತರಗತಿಯಲ್ಲಿದ್ದವರು. 1966ರ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ಚಿತ್ರದ ಮುಖ್ಯ ಧಾಟಿ ಎರಡು ಸ್ವರಗಳ ನಡುವೆ ಓಲಾಡುವ ಒಂದು ಕೂಗು, ತೋಳದ ಊಳಿನ ಹಾಗೆ. ಚಿತ್ರದ ಮೂವರು ಮುಖ್ಯ ಪಾತ್ರಗಳಿಗೂ ಅದೇ ಕೂಗು. ಆದರೆ ಒಬ್ಬನಿಗೆ ಕೊಳಲಿನಲ್ಲಿ, ಇನ್ನೊಬ್ಬನಿಗೆ ಒಕರಿನಾ ಅನ್ನುವ ಮಣ್ಣಿನ ಊದುವಾದ್ಯದಲ್ಲಿ, ಮೂರನೆಯವನಿಗೆ ಮನುಷ್ಯರ ಗಂಟಲಿನಲ್ಲಿ. ಒಳ್ಳೆಯವನು, ಕೆಟ್ಟವನು, ಕುರೂಪಿ, ಮೂವರ ಒಳಗೂ ಇರುವುದು ಒಂದೇ ಹಸಿವು. ಇದನ್ನು ಕತೆ ಹೇಳುವ ಮುಂಚೆ ಸಂಗೀತ ಹೇಳಿಬಿಡುತ್ತದೆ. ಥಿಯೇಟರಿನಲ್ಲಿ ಕೂತವರಿಗೆ ಇದು ತಕ್ಷಣ ಹೊಳೆಯುವುದು ಕಷ್ಟ, ಕಣ್ಣಿಗೆ ಬೇಕಾದಷ್ಟು ಕೆಲಸ ಇರುತ್ತದೆ. ಆಲ್ಬಂ ಕೇಳುವಾಗ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಅದೇ ಚಿತ್ರದ ಕೊನೆಯ ಕಡೆ ಒಬ್ಬ ಚಿನ್ನ ಹೂತಿಟ್ಟ ಗೋರಿ ಹುಡುಕುತ್ತಾ ಸ್ಮಶಾನದಲ್ಲಿ ಓಡುತ್ತಾನೆ. ಅಲ್ಲಿ ಬರುವ ‘ದಿ ಎಕ್ಸ್‌ಟಸಿ ಆಫ್ ಗೋಲ್ಡ್’ ಅನ್ನು ನೀವು ಈಗ ಕೇಳಿದಿರಿ. ಹಾಡಿದವರು ಎಡ್ಡಾ ಡೆಲ್‌ಓರ್ಸೊ. ಪದಗಳೇ ಇಲ್ಲ, ಬರೀ ಕಂಠ. ಪಿಯಾನೋದಿಂದ ಶುರುವಾಗಿ ಮೇಲೆ ಮೇಲೆ ಹತ್ತುತ್ತಾ ಹೋಗುತ್ತದೆ. ಅಮೆರಿಕದ ಮೆಟಾಲಿಕಾ ತಂಡ 1980ರ ದಶಕದಿಂದಲೂ ತನ್ನ ಕಾರ್ಯಕ್ರಮಗಳನ್ನು ಇದರಿಂದಲೇ ಶುರು ಮಾಡುತ್ತಾ ಬಂದಿದೆ. ಸ್ಟೇಡಿಯಂ ತುಂಬಾ ಹುಡುಗರು ಇದನ್ನು ಒಟ್ಟಿಗೆ ಹಾಡುತ್ತಾರೆ. ಅವರಲ್ಲಿ ಆ ಸ್ಮಶಾನದ ದೃಶ್ಯ ನೋಡದವರೂ ಎಷ್ಟೋ ಜನ. ಹಾಡಲು ಅದು ಅಡ್ಡ ಬಂದಿಲ್ಲ.

ಆ ಚಿತ್ರವಾಗಿ ಎರಡು ವರ್ಷದ ನಂತರ ಲಿಯೋನೆ, ಮೊರಿಕೋನೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ ಚಿತ್ರಕ್ಕೆ ಶೂಟಿಂಗ್‌ಗೂ ಮುಂಚೆಯೇ ಮುಖ್ಯ ಸಂಗೀತ ಸಿದ್ಧವಾಯಿತು. ಲಿಯೋನೆ ಅದನ್ನು ಸೆಟ್ಟಿನಲ್ಲಿ ಜೋರಾಗಿ ಹಾಕಿಸಿದರು. ನಟರು ಅದಕ್ಕೆ ತಕ್ಕ ಹಾಗೆ ನಡೆದರು, ಕ್ಯಾಮೆರಾ ಅದಕ್ಕೆ ತಕ್ಕ ಹಾಗೆ ತೆವಳಿತು. ಇಂಥದ್ದನ್ನು ಹಿನ್ನೆಲೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅಲ್ಲಿ ಸಂಗೀತ ಮುಂದೆ ನಡೆದಿದೆ, ಸಿನಿಮಾ ಹಿಂದೆ ಬಂದಿದೆ.

ಜಪಾನಿನ ಸಂಗೀತಗಾರ ಜೋ ಹಿಸಾಯಿಶಿ, ಆನಿಮೇಷನ್ ಚಿತ್ರಗಳ ನಿರ್ದೇಶಕ ಮಿಯಾಝಾಕಿ ಜೋಡಿಯೂ ಹೀಗೆಯೇ ಕೆಲಸ ಮಾಡಿದ್ದುಂಟು. ‘ನೌಸಿಕಾ’ ಅನ್ನುವ ಚಿತ್ರ ತೆರೆಗೆ ಬಂದದ್ದು 1984ರಲ್ಲಿ. ಅದರ ಕಲ್ಪನೆಗಳನ್ನು ಆಧರಿಸಿ ಹಿಸಾಯಿಶಿ ಮಾಡಿದ ಸಂಗೀತದ ಆಲ್ಬಂ ಹಿಂದಿನ ವರ್ಷವೇ ಬಂದಿತ್ತು. ಚಿತ್ರ ಇರಲೇ ಇಲ್ಲ, ಜನ ಸಂಗೀತ ಕೇಳಿದರು.

ಈಗ ನಾನು ಬಹಳ ಹಚ್ಚಿಕೊಂಡಿರುವ ಒಂದು ಕತೆಗೆ ಬರುತ್ತೇನೆ. ಸ್ಟಾನ್ಲಿ ಕೂಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’. ಬಾಹ್ಯಾಕಾಶ ನೌಕೆ ತೇಲುವಾಗ ಸ್ಟ್ರಾಸ್‌ನ ವಾಲ್ಟ್ಜ್ ನೃತ್ಯಸಂಗೀತ ಬರುವ ಚಿತ್ರ. ಎಡಿಟಿಂಗ್ ಹೊತ್ತಿನಲ್ಲಿ ಕೆಲಸಕ್ಕೆ ಅಂತ ಯಾವುದಾದರೂ ಹಳೆಯ ಸಂಗೀತವನ್ನು ತಾತ್ಕಾಲಿಕವಾಗಿ ಹಾಕಿಕೊಳ್ಳುವ ಪದ್ಧತಿ ಇದೆ. ಕೂಬ್ರಿಕ್ ಹಾಗೆ ಹಾಕಿಕೊಂಡದ್ದು ಅವರ ಮನಸ್ಸಿಗೆ ಅಂಟಿಕೊಂಡುಬಿಟ್ಟಿತು. ಆದರೆ ಅಷ್ಟರಲ್ಲಿ ಅಲೆಕ್ಸ್ ನಾರ್ತ್ ಅವರನ್ನು ಸಂಗೀತಕ್ಕೆ ಕರೆಸಿಯಾಗಿತ್ತು. ಕೂಬ್ರಿಕ್ ಅವರ 1960ರ ‘ಸ್ಪಾರ್ಟಕಸ್’ಗೆ ಸಂಗೀತ ಕೊಟ್ಟವರೂ ಇವರೇ. ನಾರ್ತ್ ಲಂಡನ್‌ಗೆ ಹೋಗಿ ಹಗಲು ರಾತ್ರಿ ಬರೆದರು. ಒತ್ತಡಕ್ಕೆ ಬೆನ್ನು ಹಿಡಿದುಕೊಂಡಿತು. ರೆಕಾರ್ಡಿಂಗ್ ದಿನ ಅವರನ್ನು ಆಂಬುಲೆನ್ಸ್‌ನಲ್ಲಿ ಸ್ಟುಡಿಯೋಗೆ ಕರೆದೊಯ್ಯಬೇಕಾಯಿತು. ವಾದ್ಯವೃಂದವನ್ನು ಗೆಳೆಯ ಹೆನ್ರಿ ಬ್ರಾಂಟ್ ನಡೆಸಿದರು. ನಾರ್ತ್ ಕಂಟ್ರೋಲ್ ರೂಮಿನಲ್ಲಿ ಕೂತು ಕೇಳಿದರು. ಸುಮಾರು 40 ನಿಮಿಷದ ಸಂಗೀತ.

1968ರ ಏಪ್ರಿಲ್‌ನಲ್ಲಿ ನಾರ್ತ್ ನ್ಯೂಯಾರ್ಕಿನಲ್ಲಿ ನಡೆದ ಚಿತ್ರದ ಪ್ರದರ್ಶನಕ್ಕೆ ಹೋದರು. ತಮ್ಮದೊಂದು ಸ್ವರವೂ ಅದರಲ್ಲಿಲ್ಲ ಅನ್ನುವುದು ಅವರಿಗೆ ಗೊತ್ತಾದದ್ದು ಆಗಲೇ.

ಕೂಬ್ರಿಕ್ ಆಯ್ಕೆ ಚಿತ್ರಕ್ಕೆ ಚೆನ್ನಾಗಿ ಒಗ್ಗಿದೆ, ಅದರಲ್ಲಿ ನನ್ನ ತಕರಾರಿಲ್ಲ. ನನ್ನ ಗಮನ ಇರುವುದು ಆ 40 ನಿಮಿಷದ ಮೇಲೆ. ನಾರ್ತ್ 1991ರಲ್ಲಿ ತೀರಿಕೊಂಡರು. 1993ರಲ್ಲಿ ಅವರ ಗೆಳೆಯ, ಇನ್ನೊಬ್ಬ ದೊಡ್ಡ ಸಂಗೀತಗಾರ ಜೆರ್ರಿ ಗೋಲ್ಡ್‌ಸ್ಮಿತ್ ಲಂಡನ್ನಿನ ನ್ಯಾಷನಲ್ ಫಿಲ್‌ಹಾರ್ಮೊನಿಕ್ ವಾದ್ಯವೃಂದದಿಂದ ಅದನ್ನು ಹೊಸದಾಗಿ ನುಡಿಸಿ ಹೊರತಂದರು. 2007ರಲ್ಲಿ 1968ರ ಮೂಲ ಧ್ವನಿಮುದ್ರಣವೂ ಸಿಡಿಯಾಗಿ ಬಂತು. ಅದನ್ನು ಈಗ ಕೇಳಿಸಿದೆ. ಒಮ್ಮೆ ಯೋಚಿಸಿ. ಈ ಸಂಗೀತಕ್ಕೆ ಚಿತ್ರವೇ ಇಲ್ಲ. ಯಾರ ತಲೆಯಲ್ಲೂ ಇದಕ್ಕೆ ಅಂಟಿದ ದೃಶ್ಯವಿಲ್ಲ, ನಟನ ಮುಖವಿಲ್ಲ. ಆದರೂ ನೀವೆಲ್ಲ ಏಳು ನಿಮಿಷ ಅಲ್ಲಾಡದೆ ಕೇಳಿದಿರಿ. ಹಿನ್ನೆಲೆ ಸಂಗೀತ ಚಿತ್ರದ ನೆರಳಿನಲ್ಲಷ್ಟೇ ಬದುಕುತ್ತದೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ದೊಡ್ಡ ಸಂಗೀತಗಾರರು ಇದನ್ನು ಬಹಳ ಮುಂಚೆಯೇ ಕಂಡುಕೊಂಡಿದ್ದರು. ರಷ್ಯಾದ ಪ್ರೊಕೊಫಿಯೆವ್ 1938ರ ‘ಅಲೆಕ್ಸಾಂಡರ್ ನೆವ್‌ಸ್ಕಿ’ ಚಿತ್ರದ ಸಂಗೀತವನ್ನು ಮರುವರ್ಷವೇ ಕಚೇರಿಗೆ ಹೊಂದಿಸಿ ಬರೆದರು. ಇಂಗ್ಲೆಂಡಿನ ವಾನ್ ವಿಲಿಯಮ್ಸ್ 1948ರಲ್ಲಿ ದಕ್ಷಿಣ ಧ್ರುವ ಯಾತ್ರಿ ಸ್ಕಾಟ್ ಬಗೆಗಿನ ಚಿತ್ರಕ್ಕೆ ಬರೆದದ್ದನ್ನು ಬೆಳೆಸಿ ತಮ್ಮ ಏಳನೇ ಸಿಂಫನಿ ಮಾಡಿದರು. ಅದರಲ್ಲಿ ಗಾಳಿಯ ಸದ್ದು ಮಾಡುವ ಯಂತ್ರ ಹಾಗೇ ಉಳಿದುಕೊಂಡಿದೆ. ಪದವಿಲ್ಲದೆ ಹಾಡುವ ಹೆಂಗಸರ ದನಿಯೂ ಇದೆ. ಕೋರ್ನ್‌ಗೋಲ್ಡ್ ತಮ್ಮ ಹಾಲಿವುಡ್ ಚಿತ್ರಗಳ ಧಾಟಿಗಳನ್ನು ತಂದು ಒಂದು ಪಿಟೀಲು ಕಾನ್ಸರ್ಟೊ, ಅಂದರೆ ವಾದ್ಯವೃಂದದ ಜೊತೆ ಒಂಟಿ ಪಿಟೀಲು ಮುಂದೆ ನಿಂತು ನುಡಿಯುವ ಕೃತಿ, ಕಟ್ಟಿದರು. 1947ರಲ್ಲಿ ಅದನ್ನು ಮೊದಲು ನುಡಿಸಿದವರು ಯಾಶಾ ಹೈಫೆಟ್ಸ್. ಇವತ್ತಿಗೂ ಪಿಟೀಲು ಕಲಾವಿದರು ಅದನ್ನು ನುಡಿಸುತ್ತಾರೆ. ಆ ಚಿತ್ರಗಳನ್ನು ನೋಡುವವರು ಈಗ ಬಹಳ ಕಡಿಮೆ.

ಜಾಝ್ ಇಷ್ಟಪಡುವವರಿಗೆ ಒಂದು ಮಾತು. 1957ರ ಡಿಸೆಂಬರಿನ ಒಂದು ರಾತ್ರಿ ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಅಮೆರಿಕದ ಜಾಝ್ ಕಲಾವಿದ ಮೈಲ್ಸ್ ಡೇವಿಸ್, ಫ್ರೆಂಚ್ ನಿರ್ದೇಶಕ ಲೂಯಿ ಮಾಲ್ ಅವರ ಚಿತ್ರದ ದೃಶ್ಯಗಳನ್ನು ಪರದೆಯ ಮೇಲೆ ನೋಡುತ್ತಾ ಟ್ರಂಪೆಟ್ ನುಡಿಸಿದರು. ಮೊದಲೇ ಬರೆದುಕೊಂಡ ಸಂಗೀತ ಇಲ್ಲ, ಅಲ್ಲೇ ಹುಟ್ಟಿಸಿದ್ದು. ಆ ಆಲ್ಬಂನಲ್ಲಿ ಪ್ಯಾರಿಸ್ಸಿನ ರಾತ್ರಿ ಬೀದಿ ಪೂರ್ತಿ ಇದೆ. ಅಲ್ಲಿ ನಡೆದಾಡುವ ನಟಿ ಜೀನ್ ಮೊರೊ ಮುಖ ನಿಮಗೆ ಗೊತ್ತಿಲ್ಲದಿದ್ದರೂ ನಷ್ಟವಿಲ್ಲ, ಹೆಜ್ಜೆ ಕೇಳುತ್ತದೆ.

ಆಲ್ಬಂ ಅಂದೆ. ಇಲ್ಲೊಂದು ವಿಷಯ ತಿಳಿದಿರಬೇಕು. ಆಲ್ಬಂನಲ್ಲಿ ಇರುವುದು ಚಿತ್ರದಲ್ಲಿ ಬರುವ ಕ್ರಮದಲ್ಲೇ ಇರಬೇಕು ಅಂತಿಲ್ಲ. ಜಾನ್ ವಿಲಿಯಮ್ಸ್ 1977ರ ‘ಸ್ಟಾರ್ ವಾರ್ಸ್’ ಸಂಗೀತವನ್ನು ಎರಡು ಎಲ್‌ಪಿಗಳಲ್ಲಿ ತಂದಾಗ ಕೇಳುವವರ ಕಿವಿಗೆ ತಕ್ಕಂತೆ ಹಿಂದು ಮುಂದು ಮಾಡಿ ಜೋಡಿಸಿದರು. ಅಂಥ ಆಲ್ಬಂ ಸಂಗೀತಗಾರ ಎರಡನೇ ಸಲ ಯೋಚಿಸಿ ಮಾಡಿದ ಬೇರೆಯೇ ಕೃತಿ. ಕೆಲವೊಮ್ಮೆ ಸಂಗೀತ ಚಿತ್ರವನ್ನೇ ಬದಲಾಯಿಸಿದ್ದೂ ಇದೆ. ‘ಇ.ಟಿ.’ ಚಿತ್ರದ ಕೊನೆಯ ಭಾಗದಲ್ಲಿ ದೃಶ್ಯಕ್ಕೆ ಸರಿಯಾಗಿ ವಾದ್ಯವೃಂದ ನಡೆಸುವುದು ವಿಲಿಯಮ್ಸ್‌ಗೆ ಕಷ್ಟವಾಯಿತು. ನಿರ್ದೇಶಕ ಸ್ಪಿಲ್‌ಬರ್ಗ್ ಪರದೆಯನ್ನೇ ಆಫ್ ಮಾಡಿಸಿದರು. ಕಚೇರಿಯಲ್ಲಿ ನುಡಿಸುವ ಹಾಗೆ ನುಡಿಸಿ, ನಾನು ಚಿತ್ರವನ್ನು ಹೊಂದಿಸಿಕೊಳ್ಳುತ್ತೇನೆ ಎಂದರು. ಹಾಗೇ ಮಾಡಿದರು. ಕೊನೆಯ ಆ ಹದಿನೈದು ನಿಮಿಷ ಆಲ್ಬಂನಲ್ಲಿ ಅಷ್ಟು ಸಲೀಸಾಗಿ ಉಸಿರಾಡುವುದಕ್ಕೆ ಇದೇ ಕಾರಣ.

ಹಾಗಾದರೆ ಹೇಗೆ ಕೇಳಬೇಕು? ನಿಯಮ ಏನಿಲ್ಲ, ನನಗೆ ಒಗ್ಗಿದ್ದನ್ನು ಹೇಳುತ್ತೇನೆ. ಪ್ರಸಿದ್ಧ ಧಾಟಿಗಳ ಸಂಗ್ರಹದಿಂದ ಶುರು ಮಾಡಬೇಡಿ. ಅದರಲ್ಲಿ ಎಲ್ಲವೂ ಶಿಖರವೇ ಇರುತ್ತದೆ, ಹತ್ತುವ ದಾರಿ ಇರುವುದಿಲ್ಲ. ಒಂದು ಚಿತ್ರದ ಆಲ್ಬಂ ತೆಗೆದುಕೊಂಡು ಮೊದಲಿನಿಂದ ಕೊನೆವರೆಗೆ ಕೇಳಿ. ಫೋನಿನಲ್ಲಿ ಕ್ರಮ ತಪ್ಪಿಸಿ ನುಡಿಸುವ ಶಫಲ್ ಆಫ್ ಮಾಡಿ. ಆದಷ್ಟು ಚಿತ್ರ ನೋಡಿರದ ಆಲ್ಬಂ ಆರಿಸಿಕೊಳ್ಳಿ. ತುಣುಕುಗಳ ಹೆಸರು ಮೊದಲ ಸಲ ಓದಬೇಡಿ. ಹೆಸರು ಓದಿದರೆ ಕತೆ ಬಿಟ್ಟುಕೊಡುತ್ತದೆ, ಕಿವಿ ಆ ಕತೆಯ ಹಿಂದೆಯೇ ಹೋಗುತ್ತದೆ. 1999ರಲ್ಲಿ ‘ಸ್ಟಾರ್ ವಾರ್ಸ್’ ಸರಣಿಯ ಹೊಸ ಚಿತ್ರದ ಆಲ್ಬಂ ಚಿತ್ರಕ್ಕಿಂತ ಮುಂಚೆ ಬಂತು. ಅದರ ಒಂದು ತುಣುಕಿನ ಹೆಸರೇ ಮುಖ್ಯ ಪಾತ್ರವೊಂದು ಸಾಯುತ್ತದೆ ಅನ್ನುವುದನ್ನು ಹೇಳಿಬಿಟ್ಟಿತ್ತು. ಚಿತ್ರ ನೋಡುವುದಿದ್ದರೆ ಕೇಳಿ ಕೆಲವು ದಿನ ಬಿಟ್ಟು ನೋಡಿ. ಗೊತ್ತಿರುವ ಸಂಗೀತ ಗೊತ್ತಿಲ್ಲದ ದೃಶ್ಯದಲ್ಲಿ ಎದುರಾಗುವುದು ಬೇರೆಯೇ ಸುಖ.

ಎಲ್ಲ ಹಿನ್ನೆಲೆ ಸಂಗೀತವೂ ಹೀಗೆ ಒಂಟಿಯಾಗಿ ನಿಲ್ಲುತ್ತದೆ ಅಂತ ನಾನು ಹೇಳುವುದಿಲ್ಲ. ಬಾಗಿಲು ಬಡಿದಾಗ ಒಂದು ಡ್ರಮ್ಮಿನ ಪೆಟ್ಟು, ಖಳ ಬಂದಾಗ ಒಂದು ಗರ್ಜನೆ, ಹೀಗೆ ದೃಶ್ಯಕ್ಕೆ ಸಹಿ ಹಾಕುತ್ತಾ ಹೋಗುವ ಸಂಗೀತ ದೃಶ್ಯ ಹೋದ ಮೇಲೆ ಬರೀ ಸದ್ದಾಗುತ್ತದೆ. ಈಗ ನಮ್ಮ ದೊಡ್ಡ ಚಿತ್ರಗಳಲ್ಲಿ ಇದೇ ಜಾಸ್ತಿಯಾಗಿದೆ. ಥಿಯೇಟರ್ ಅಲ್ಲಾಡಿದರೆ ಸಾಕು ಅನ್ನುವ ಹಾಗಿದೆ. ಇದು ನನಗೆ ಬೇಸರ ತರುವ ವಿಷಯ.

ಇನ್ನು ನಮ್ಮ ಕನ್ನಡದ ವಿಷಯಕ್ಕೆ ಬರೋಣ. ನನ್ನ ನಿಜವಾದ ಸಂಕಟ ಇರುವುದು ಇಲ್ಲೇ.

1970ರ ‘ಸಂಸ್ಕಾರ’ಕ್ಕೆ ಸಂಗೀತ ಕೊಟ್ಟವರು ಸರೋದ್ ವಾದಕ ರಾಜೀವ ತಾರಾನಾಥರು, ಅಲಿ ಅಕ್ಬರ್ ಖಾನರ ಶಿಷ್ಯರು. ಬಿ.ವಿ. ಕಾರಂತರಿಗೆ 1976ರ ‘ಋಷ್ಯಶೃಂಗ’, 1977ರ ‘ಘಟಶ್ರಾದ್ಧ’, ಸತತ ಎರಡು ವರ್ಷ ಸಂಗೀತಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು. ‘ಘಟಶ್ರಾದ್ಧ’ ಹಾಡುಗಳಿಂದ ಹೆಸರಾದ ಚಿತ್ರವಲ್ಲ, ಆದರೂ ಸಂಗೀತಕ್ಕೆ ಪ್ರಶಸ್ತಿ. ‘ಒಂದಾನೊಂದು ಕಾಲದಲ್ಲಿ’ಗೆ ಭಾಸ್ಕರ್ ಚಂದಾವರ್ಕರ್. ಸಿಂಗೀತಂ ಶ್ರೀನಿವಾಸರಾವ್ ಅವರ 1987ರ ‘ಪುಷ್ಪಕ ವಿಮಾನ’ದಲ್ಲಿ ಮಾತೇ ಇಲ್ಲ, ಅದಕ್ಕೂ ಸಂಗೀತ ಎಲ್. ವೈದ್ಯನಾಥನ್. ಇಳಯರಾಜ ಸ್ವಂತವಾಗಿ ಸಂಗೀತ ನಿರ್ದೇಶಕರಾಗುವ ಮುಂಚೆ ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿದ್ದವರು. ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ ಕನ್ನಡದ್ದು, 1983ರದ್ದು, ಸಂಗೀತ ಇಳಯರಾಜ. ಅದರ ಒಂದು ಧಾಟಿ ಎಷ್ಟೋ ವರ್ಷದ ಮೇಲೆ ಮೊಬೈಲ್ ಕಂಪನಿಯೊಂದರ ಜಾಹೀರಾತಿಗೆ ಬಂದು ದೇಶದಲ್ಲೆಲ್ಲ ಕೇಳಿಸಿತು. ಅದು ಕನ್ನಡ ಚಿತ್ರದ್ದು ಅಂತ ಗೊತ್ತಿಲ್ಲದವರೂ ಗುನುಗಿದರು.

ಇವುಗಳ ಹಿನ್ನೆಲೆ ಸಂಗೀತವನ್ನು ಇವತ್ತು ಬಿಡಿಯಾಗಿ ಕೇಳಬೇಕು ಅಂದರೆ ಎಲ್ಲಿಗೆ ಹೋಗೋಣ? ಹಾಡುಗಳು ಸಿಗುತ್ತವೆ. ಹಾಡಿಗೆ ಮಾರುಕಟ್ಟೆ ಇತ್ತು. ಎಲ್‌ಪಿ ಆಯಿತು, ಕ್ಯಾಸೆಟ್ ಆಯಿತು. ಆರ್‌ಆರ್ ಮಾರಾಟಕ್ಕೆ ಇರಲಿಲ್ಲ. ಮಿಕ್ಸಿಂಗ್‌ನಲ್ಲಿ ಮಾತು, ಸದ್ದು, ಸಂಗೀತ ಮೂರೂ ಸೇರಿ ಒಂದೇ ಧ್ವನಿಪಟ್ಟಿಯಲ್ಲಿ ಕೂತುಬಿಟ್ಟವು. ಆಮೇಲೆ ಬಿಡಿಸಿ ತೆಗೆಯುವುದು ಬಹಳ ಕಷ್ಟ. ಹಾಗಾಗಿ ನಮ್ಮ ಎಷ್ಟೋ ಒಳ್ಳೆಯ ಸಂಗೀತ ಸಂಭಾಷಣೆಯ ಅಡಿಯಲ್ಲೇ ಉಳಿದಿದೆ. ಅಭಿಮಾನಿಗಳು ಮಾತಿಲ್ಲದ ಜಾಗಗಳನ್ನು ಹುಡುಕಿ ಕತ್ತರಿಸಿ ಯೂಟ್ಯೂಬಿಗೆ ಹಾಕುತ್ತಾರೆ. ಅವರಿಗೆ ನನ್ನ ದೊಡ್ಡ ನಮಸ್ಕಾರ. ಆದರೆ ಆ ಕೆಲಸ ಅವರೊಬ್ಬರದೇ ಆಗಬಾರದು. ‘ಘಟಶ್ರಾದ್ಧ’ವನ್ನು ಹೊಸದಾಗಿ ಶುದ್ಧಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಎಷ್ಟು ಸಂತೋಷವಾಯಿತು ಹೇಳಲಾರೆ. ಹೀಗೆ ಹಳೆಯ ಚಿತ್ರಗಳನ್ನು ಉಳಿಸುವಾಗ ಅವುಗಳ ಸಂಗೀತದ ಬಿಡಿ ಟೇಪು, ಕೈಬರಹದ ನೊಟೇಶನ್ ಎಲ್ಲಾದರೂ ಉಳಿದಿದೆಯಾ ಅಂತಲೂ ಹುಡುಕಬೇಕು. ಈಗಿನವರಿಗೆ ಕಷ್ಟವಿಲ್ಲ, ಪ್ರತಿ ವಾದ್ಯವೂ ಬೇರೆ ಬೇರೆ ಫೈಲಿನಲ್ಲಿ ಇರುತ್ತದೆ. ಅಜನೀಶ್ ಲೋಕನಾಥ್ ‘ಉಳಿದವರು ಕಂಡಂತೆ’ಗೆ, ಚರಣ್ ರಾಜ್ ‘ಸಪ್ತ ಸಾಗರದಾಚೆ ಎಲ್ಲೋ’ಗೆ ಮಾಡಿದಂಥ ಕೆಲಸ ಹಾಡಿನ ಜೊತೆಗೇ ಪೂರ್ತಿ ಆಲ್ಬಂ ಆಗಿ ಬರಬೇಕಾದದ್ದು. ರಾಷ್ಟ್ರಪ್ರಶಸ್ತಿಯಲ್ಲಿ ಈಗ ಹಾಡಿಗೂ ಹಿನ್ನೆಲೆ ಸಂಗೀತಕ್ಕೂ ಬೇರೆ ಬೇರೆ ಪ್ರಶಸ್ತಿ ಇದೆ. ಬೇರೆ ಕಲೆ ಅಂತ ಒಪ್ಪಿದ ಮೇಲೆ ಬೇರೆಯಾಗಿ ಕೇಳಲು ಕೊಡುವುದೂ ನ್ಯಾಯ.

ಪ್ರಶ್ನೆಗಳು

ಕಾಲೇಜು ಹುಡುಗನೊಬ್ಬ ಕೇಳಿದ: ಓದುವಾಗ ಇದನ್ನು ಹಾಕಿಕೊಳ್ಳಬಹುದಾ ಸರ್?

ಧಾರಾಳವಾಗಿ. ಮಾತಿಗೆ ಜಾಗ ಬಿಟ್ಟು ಬರೆದ ಸಂಗೀತವಾದ್ದರಿಂದ ಓದಿಗೂ ಜಾಗ ಬಿಡುತ್ತದೆ. ಆದರೆ ಅದೇ ಆಲ್ಬಂ ಅನ್ನು ಒಮ್ಮೆಯಾದರೂ ಪುಸ್ತಕ ಮುಚ್ಚಿ ಕೇಳು. ಮತ್ತೆ ಓದುವಾಗ ಹಾಕಿಕೊಳ್ಳಲು ಆಗದೇ ಹೋಗಬಹುದು, ಅಷ್ಟು ಎಳೆಯುತ್ತದೆ.

ಶಾಸ್ತ್ರೀಯ ಸಂಗೀತ ಕಲಿಸುವ ಹಿರಿಯರೊಬ್ಬರು ಕೇಳಿದರು: ಇದರಲ್ಲಿ ವಿಸ್ತಾರ ಎಲ್ಲಿದೆ? ಒಂದು ಭಾವ ಹಿಡಿಯುವಷ್ಟರಲ್ಲಿ ತುಣುಕು ಮುಗಿಯುತ್ತದಲ್ಲ?

ನಿಮ್ಮ ಮಾತು ಸರಿ ಮೇಷ್ಟ್ರೇ. ಒಂದು ತುಣುಕಿನೊಳಗೆ ವಿಸ್ತಾರ ಹುಡುಕಿದರೆ ಸಿಗುವುದಿಲ್ಲ. ಅದು ಆಲ್ಬಂ ಉದ್ದಕ್ಕೂ ಹರಡಿಕೊಂಡಿರುತ್ತದೆ. ಮೂರನೇ ನಿಮಿಷದಲ್ಲಿ ಕೊಳಲಿನಲ್ಲಿ ಬಂದ ಸಾಲು ಇಪ್ಪತ್ತನೇ ನಿಮಿಷದಲ್ಲಿ ಚೆಲ್ಲೊದಲ್ಲಿ ನಿಧಾನವಾಗಿ ಬರುತ್ತದೆ, ನಲವತ್ತನೇ ನಿಮಿಷದಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಮೊರಿಕೋನೆ ಮಾಡಿದ್ದೂ ಅದೇ. ರಾಗದ ಸಂಚಾರವನ್ನು ಹಿಡಿಯುವ ನಿಮ್ಮ ಕಿವಿಗೆ ಇದು ಬೇರೆಯವರಿಗಿಂತ ಬೇಗ ಸಿಗುತ್ತದೆ ಅನ್ನುವುದು ನನ್ನ ನಂಬಿಕೆ.

ಹಿಂದಿನ ಸಾಲಿನಿಂದ ಒಬ್ಬರು: ಒಂದೇ ಒಂದು ಹೆಸರು ಹೇಳಿ. ಇವತ್ತು ರಾತ್ರಿಯೇ ಕೇಳುತ್ತೇನೆ.

‘ಚೈನಾಟೌನ್’, 1974ರದ್ದು. ಮೊದಲು ಬೇರೆಯವರು ಮಾಡಿದ ಸಂಗೀತ ಬೇಡವಾಗಿ ಜೆರ್ರಿ ಗೋಲ್ಡ್‌ಸ್ಮಿತ್‌ಗೆ ಕೊನೆಯ ಗಳಿಗೆಯಲ್ಲಿ ಕರೆ ಹೋಯಿತು. ಸಿಕ್ಕಿದ್ದು 10 ದಿನ. ಅವರು ಆರಿಸಿಕೊಂಡ ವಾದ್ಯಗಳು ನೋಡಿ: 4 ಪಿಯಾನೋ, 4 ಹಾರ್ಪ್, ತಂತಿವಾದ್ಯಗಳು, ಇಬ್ಬರು ತಾಳವಾದ್ಯದವರು, ಒಂದೇ ಒಂದು ಟ್ರಂಪೆಟ್. ಆಲ್ಬಂ ಸುಮಾರು ಅರ್ಧ ಗಂಟೆ ಇದೆ. ಟ್ರಂಪೆಟ್ ಬಂದಾಗ ಎಲ್ಲರಿಗೂ ಅದೇ ಹಿಡಿಸುತ್ತದೆ. ನೀವು ಅದರ ಹಿಂದಿನ ಪಿಯಾನೋಗಳನ್ನೂ ಗಮನಿಸಿ, ತಂತಿಗಳನ್ನು ಕೈಯಿಂದ ಮೀಟಿದ ಸದ್ದೂ ಅದರಲ್ಲಿದೆ. ಸಿನಿಮಾವನ್ನು ಮುಂದಿನ ವಾರ ನೋಡಿ. ಮುಂದಿನ ಕೂಟಕ್ಕೆ ಬಂದಾಗ ಇದರ ಬಗ್ಗೆ ಮೊದಲು ನೀವೇ ಮಾತಾಡಬೇಕು.